ಒಂದಕ್ಷರ ತಪ್ಪಿದ ರಕ್ತ

ರಾಯಚೂರಿನ ಆತ್ಮೀಯರೇ,

ರಕ್ತ ಕಡಿಮೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಕಬ್ಬಿಣದ ಗುಳಿಗೆ. ಹೆಚ್ಚಿನವರಿಗೆ ಅದೇ ಸರಿಯಾದ ಔಷಧ. ಆದರೆ ಗುಳಿಗೆಗೆ ಬಗ್ಗದ, ತಂದೆತಾಯಿಯ ಜೀನಿನಿಂದಲೇ ಇಳಿದುಬರುವ ರಕ್ತಹೀನತೆಯೂ ಇದೆ.

ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನು ಹಿಮೋಗ್ಲೋಬಿನ್. ವಯಸ್ಕರಲ್ಲಿ ಅದರ ಅಣುವಿನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿರುತ್ತವೆ. ಬೀಟಾ ಜೀನ್ ಇರುವುದು 11ನೆಯ ವರ್ಣತಂತುವಿನಲ್ಲಿ. 146 ಅಮೈನೋ ಆಮ್ಲಗಳ ಈ ಸರಪಳಿಯ ಆರನೆಯ ಸ್ಥಾನಕ್ಕೆ ಗ್ಲುಟಾಮಿಕ್ ಆಮ್ಲ ಬರಬೇಕೆಂದು ಹೇಳುವ ಜೀನ್ ಸಂಕೇತ ‘ಜಿಎಜಿ’. ಅದರ ನಡುವಿನ ‘ಎ’ ಹೋಗಿ ‘ಟಿ’ ಬಂದರೆ, ‘ಹಾಲು’ ಎಂದು ಬರೆಯುವಲ್ಲಿ ‘ಹಾಳು’ ಎಂದು ಬರೆದ ಹಾಗೆ, ವ್ಯಾಲಿನ್ ಬಂದು ಕೂರುತ್ತದೆ. ವ್ಯಾಲಿನ್‌ಗೆ ನೀರೆಂದರೆ ಆಗದು. ಆದ್ದರಿಂದ ಆಮ್ಲಜನಕ ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ ನಾರಾಗಿ, ದುಂಡನೆಯ ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ, ಕಿರುನಾಳಗಳಲ್ಲಿ ಸಿಕ್ಕಿಕೊಂಡರೆ ಎಲುಬು ಕಡಿದಂಥ ನೋವು. ಇದೇ ಕುಡುಗೋಲು ಕಣ ರೋಗ (ಸಿಕಲ್ ಸೆಲ್). ಇದು ಅಣುವಿನ ಕಾಯಿಲೆಯೆಂದು ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದ್ದು 1949ರಲ್ಲಿ.

ಬೀಟಾ ಥಲಸ್ಸೇಮಿಯಾ ಎಂಬ ಇನ್ನೊಂದು ಜೀನಿನ ರಕ್ತಹೀನತೆಯಲ್ಲಿ ಬೀಟಾ ಸರಪಳಿಯೇ ಸಾಲದಾಗುತ್ತದೆ. ಇದಕ್ಕೆ ಕಾರಣವಾಗುವ ಉತ್ಪರಿವರ್ತನೆಗಳು, ಅಂದರೆ ಜೀನಿನ ಬರಹದ ಬದಲಾವಣೆಗಳು, 200ಕ್ಕೂ ಹೆಚ್ಚು. ಜೀನಿನಿಂದ ತೆಗೆದ ನಕಲಿನಲ್ಲಿ ಬೇಡದ ತುಂಡು ಕತ್ತರಿಸಿ ಉಳಿದದ್ದನ್ನು ಜೋಡಿಸಬೇಕಾಗುತ್ತದೆ, ನಮ್ಮ ಅವ್ವಂದಿರು ಹಳೆಯ ಸೀರೆ ಕತ್ತರಿಸಿ ಕೌದಿ ಹೊಲಿದಂತೆ. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಉತ್ಪರಿವರ್ತನೆಯಲ್ಲಿ ಕತ್ತರಿ ಇಡುವ ಗುರುತಿನ ಬಳಿ ಒಂದಕ್ಷರ ಬದಲಾಗಿರುವುದರಿಂದ, ಕತ್ತರಿ ಬಹುತೇಕ ತಪ್ಪು ಜಾಗದಲ್ಲೇ ಬೀಳುತ್ತದೆ. ಜೊತೆ ಸಿಗದ ಆಲ್ಫಾ ಸರಪಳಿಗಳು ಕಣಗಳನ್ನು ಅವು ಹುಟ್ಟುವ ಎಲುಬಿನ ಮಜ್ಜೆಯಲ್ಲೇ ಹಾಳುಗೆಡವುತ್ತವೆ. ಗರ್ಭದ ಹಿಮೋಗ್ಲೋಬಿನ್ನಿಗೆ ಬೀಟಾದ ಬದಲು ಗಾಮಾ ಸರಪಳಿ ಇರುವ ಕಾರಣ ಹುಟ್ಟಿದಾಗ ಮಗು ಚೆನ್ನಾಗಿಯೇ ಇದ್ದು, ಗಾಮಾ ಇಳಿದಂತೆ, ಆರು ತಿಂಗಳ ಆಚೀಚೆ, ಬಿಳಿಚಿಕೊಳ್ಳತೊಡಗುತ್ತದೆ.

ತಂದೆಯಿಂದೊಂದು, ತಾಯಿಯಿಂದೊಂದು ಬರುವ ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟವರು ವಾಹಕರು. ಅವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣದು. ಬಸುರಿಯೊಬ್ಬಳ ರಕ್ತದ ರಿಪೋರ್ಟು ಹೀಗಿದೆಯೆಂದುಕೊಳ್ಳಿ: ಹಿಮೋಗ್ಲೋಬಿನ್ 11.2, ಕಣದ ಗಾತ್ರ ಸೂಚಿಸುವ ಎಂಸಿವಿ 65, ಕೆಂಪು ಕಣಗಳು 56 ಲಕ್ಷ. ಕಬ್ಬಿಣದ ಕೊರತೆಯಿದ್ದರೆ ಕಣ ಕಿರಿದಾಗುವುದರ ಜೊತೆಗೆ ಎಣಿಕೆಯೂ ಸಾಮಾನ್ಯವಾಗಿ ತಗ್ಗಬೇಕಿತ್ತು. ಇಲ್ಲಿ ಎಣಿಕೆ ಏರಿದೆ. ಮೊದಲ ಸಾಲನ್ನಷ್ಟೇ ಓದಿ ಗುಳಿಗೆ ಬರೆದುಕೊಡುವುದು ನನ್ನ ಮಟ್ಟಿಗೆ ಅವಸರದ ಕೆಲಸ. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಎ2 ಎಂಬ ಬಗೆ ಶೇ 3.5ಕ್ಕಿಂತ ಹೆಚ್ಚು ಬಂದರೆ ಆಕೆ ಬೀಟಾ ಥಲಸ್ಸೇಮಿಯಾದ ವಾಹಕಳೆಂದು ತಿಳಿಯಬಹುದು. ಆಗ ಗಂಡನ ರಕ್ತವನ್ನೂ ನೋಡಬೇಕು.

ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನು ತರುವ ರೂಢಿಯಿದೆ. ಸೋದರಿಕೆ ತಾನಾಗಿ ರೋಗ ಹುಟ್ಟಿಸದು. ಆದರೆ ಮಾವ ವಾಹಕನಾಗಿದ್ದರೆ ಅಕ್ಕನೂ ಆಗಿರುವ ಸಾಧ್ಯತೆ ಸುಮಾರು ಅರ್ಧ, ಅವಳ ಮಗಳಿಗೆ ಕಾಲು ಭಾಗ. ಹೊರಗಿನ ಸಂಬಂಧದಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕಡಿಮೆ. ಇಬ್ಬರೂ ವಾಹಕರಾದರೆ ರೋಗವಿರುವ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿ ಶುರುವಾಗುತ್ತದೆ: ಮೊದಲ ಮಗುವಿಗೆ ಬಂದುಹೋಯಿತೆಂದು ಮುಂದಿನ ಮೂರು ಪಾರಾಗುವುದಿಲ್ಲ.