ಗ್ವಾಡಿಗೆ ಕುಂತ ಕ್ಯಾಮೆರಾಕ್ಕ ವೈರ್ ಯಾಕ ಬ್ಯಾಡ?

ನಮಸ್ಕಾರ್ರಿ. ವಿಜಯಪುರದಾಗ ಹೊಸ ಲೇಔಟ್ ಆಗ್ಲಿ, ಹಳೀ ಓಣಿ ಆಗ್ಲಿ, ಈಗ ತಲಬಾಗಿಲ ಮ್ಯಾಲ ಒಂದು ಕ್ಯಾಮೆರಾ ಇದ್ದ ಇರ್ತೈತಿ. ಅದರ ಜೊತೀಗೆ ಒಂದು ತಕರಾರೂ ಇರ್ತೈತಿ: "ನಿನ್ನೆ ರಾತ್ರಿ ಮತ್ತ ಆಫ್‌ಲೈನ್ ಆಗಿತ್ತು." ಇದಕ್ಕ ಸಿಗೋ ಉತ್ತರ ಎರಡು. ಕ್ಯಾಮೆರಾ ಬದಲಿ ಮಾಡ್ರಿ, ಇಲ್ಲಾಂದ್ರ ಒಂದು ರಿಪೀಟರ್ (ವೈಫೈ ಸಿಗ್ನಲ್ ಹಿಡದು ಮುಂದ ದಾಟಿಸೋ ಡಬ್ಬಿ) ಹಚ್ಚ್ರಿ. ಎರಡಕ್ಕೂ ರೊಕ್ಕ ಬಿಚ್ಚೋಕಿಂತ ಮೊದಲು ಸ್ವಲ್ಪ ತಡೀರಿ ಅಂತ ನಾ ಹೇಳ್ತೀನಿ. ಬಹಳ ಸಲ ಕ್ಯಾಮೆರಾ ಕೆಟ್ಟಿರಂಗಿಲ್ಲ. ಅದಕ್ಕ ಹೋಗೋ ಕರೆಂಟ್ ಸರಿ ಇರಂಗಿಲ್ಲ, ಇಲ್ಲಾ ಅದನ್ನ ವೈಫೈ ಮ್ಯಾಲ ಬಿಟ್ಟಿದ್ದ ತಪ್ಪಾಗಿರ್ತೈತಿ. ಸ್ಕ್ರೂ ಹೊಡದು ಗ್ವಾಡಿಗೆ ಕೂಡಿಸಿದ ವಸ್ತು, ಜಾಗಾ ಬಿಟ್ಟು ಒಂದಿಂಚು ಅಲುಗಂಗಿಲ್ಲ. ಅದಕ್ಕ ವೈರ್ ಎಳೀಲಿಕ್ಕೆ ಹಿಂದ ಮುಂದ ನೋಡೋದು ಯಾಕ? ವೈರಿನ ಮಾತಿಗೆ ಆಮ್ಯಾಲ ಬರ್ತೀನಿ. ಮೊದಲು ಈಗ ಇದ್ದದ್ದನ್ನ ಸರಿ ಮಾಡೋಣು.

ತಪ್ಪು ಎಲ್ಲೈತಿ ಅಂತ ಹಿಡಿಯೋದು ಮೊದಲನೇ ಕೆಲಸ. ಕ್ಯಾಮೆರಾದಾಗ ಮೆಮೊರಿ ಕಾರ್ಡ್ ಇದ್ರ ಈ ಕೆಲಸ ಭಾಳ ಹಗುರ. ಸೆಟ್ಟಿಂಗ್‌ನಾಗ ರೆಕಾರ್ಡಿಂಗ್ ನಿರಂತರ ಅಂತ ಇಡ್ರಿ. ಯಾರರೆ ಅಡ್ಯಾಡಿದಾಗ ಅಷ್ಟ ರೆಕಾರ್ಡ್ ಆಗೋ ಮೋಡ್ ಇದ್ರ ಈ ಪರೀಕ್ಷಾ ನಡೆಯಂಗಿಲ್ಲ. ಈಗ ರಾತ್ರಿ 2ರಿಂದ 2:40ರ ತನಕ ಆಫ್‌ಲೈನ್ ಇತ್ತು ಅಂತ ತಿಳೀರಿ. ಮುಂಜಾನೆ ಎದ್ದು ಕಾರ್ಡಿನೊಳಗ ಅದೇ 40 ನಿಮಿಷ ತಗದು ನೋಡ್ರಿ. ರೆಕಾರ್ಡಿಂಗ್ ಪೂರಾ ಇದ್ರ ಕ್ಯಾಮೆರಾ ನಡೀತಿತ್ತು, ನೆಟ್‌ವರ್ಕ್ ಹೋಗಿತ್ತು. ಅಲ್ಲೂ ಖಾಲಿ ಇದ್ರ ಕರೆಂಟ್ ಕಡೀಗೆ ನೋಡ್ರಿ. ಕಾರ್ಡ್ ಕೆಟ್ಟಿದ್ರ ಸುದ್ದ ಕೆಲವು ಕ್ಯಾಮೆರಾ ಮ್ಯಾಲಿಂದ ಮ್ಯಾಲ ರೀಸ್ಟಾರ್ಟ್ ಆಗ್ತಾವು. ಅದಕ್ಕ ಒಂದು ರಾತ್ರಿ ಕಾರ್ಡ್ ತಗದಿಟ್ಟೂ ನೋಡ್ಬೇಕು.

ಕಾರ್ಡ್ ಇಲ್ಲಾಂದ್ರ ಹಿಂಗ ಮಾಡ್ರಿ. ರಾಊಟರ್‌ನಾಗ ನೋಡಿ ಕ್ಯಾಮೆರಾದ ಐಪಿ ನಂಬರ್ (ಮನಿ ನೆಟ್‌ವರ್ಕ್‌ನಾಗ ಅದರ ವಿಳಾಸ) ಬರದು ಇಟ್ಕೋರಿ. ಆ್ಯಪ್‌ನಾಗ ಆಫ್‌ಲೈನ್ ಅಂತ ಬಂದ ಹೊತ್ತಿಗೆ, ಮನಿ ವೈಫೈದಾಗ ಇದ್ದುಕೊಂಡ, ಮೊಬೈಲಿನ ಪಿಂಗ್ ಆ್ಯಪ್‌ಲಿಂದ ಆ ನಂಬರಿಗೆ ಪಿಂಗ್ ಮಾಡ್ರಿ, ಅಂದ್ರ ಇದ್ದೀಯೇನು ಅಂತ ಕೇಳಿ ನೋಡ್ರಿ. ಉತ್ತರ ಬಂದ್ರ ಮನಿ ಒಳಗಿನ ನೆಟ್‌ವರ್ಕ್ ಚಲೋ ಐತಿ, ಹೊರಗಿನ ಇಂಟರ್ನೆಟ್ ಇಲ್ಲಾ ಆ ಕಂಪನಿ ಸರ್ವರ್ ಕೈ ಕೊಟ್ಟೈತಿ. ಉತ್ತರ ಬರ್ಲಿಲ್ಲ ಅಂದ್ರ ವೈಫೈ ಅಥವಾ ಕರೆಂಟ್.

ಇನ್ನ ಕರೆಂಟ್. ಇಲ್ಲಿ ಸ್ವಲ್ಪ ಹೊತ್ತು ನಿಂದರೋಣು, ಯಾಕಂದ್ರ ಇದನ್ನ ಎಲ್ಲಾರೂ ಅಳೀದ ಬಿಡ್ತಾರ. ಹಗಲೆಲ್ಲಾ ಚಲೋ ನಡದು, ಕತ್ತಲಾದ ಮ್ಯಾಲ ಬಂದ್ ಆಗೋ ಕ್ಯಾಮೆರಾ ಇದ್ರ ವೈಫೈ ಬಿಟ್ಟು ನೇರ ಅಡಾಪ್ಟರ್ ನೋಡ್ರಿ. ಕತ್ತಲಾದ ಕೂಡಲೇ ಐಆರ್ ಲೈಟ್ (ಕತ್ತಲದಾಗ ನೋಡ್ಲಿಕ್ಕೆ ಕ್ಯಾಮೆರಾದಾಗಿನ ಲೈಟ್) ಹತ್ತಾವು, ಕ್ಯಾಮೆರಾ ಎಳಿಯೋ ಕರೆಂಟ್ ಏರ್ತೈತಿ, ವೋಲ್ಟೇಜ್ ಬೀಳ್ತೈತಿ, ಕ್ಯಾಮೆರಾ ರೀಸ್ಟಾರ್ಟ್ ಆಗ್ತೈತಿ. ಮತ್ತ ಲೈಟ್ ಹತ್ತಾವು, ಮತ್ತ ಬೀಳ್ತೈತಿ.

5 ವೋಲ್ಟಿನ ಯುಎಸ್‌ಬಿ ಕ್ಯಾಮೆರಾದ ಲೆಕ್ಕ ನೋಡ್ರಿ. ಸಣ್ಣ ಯುಎಸ್‌ಬಿ ಕೇಬಲ್‌ನಾಗ ಕರೆಂಟಿನ ತಂತಿ 28 ಗೇಜ್ (ಭಾಳ ಸಣ್ಣದು) ಇರ್ತೈತಿ, ಕರೆಂಟಿಗೆ ಅದರ ಅಡ್ಡಿ ಮೀಟರಿಗೆ ಹೆಚ್ಚು ಕಡಿಮಿ 0.21 ಓಮ್. 5 ಮೀಟರ್ ಕೇಬಲ್ ಅಂದ್ರ ಹೋಗಿ ಬರೋದು ಸೇರಿ 10 ಮೀಟರ್ ತಂತಿ, 2.1 ಓಮ್. ರಾತ್ರಿ ಕ್ಯಾಮೆರಾ ಅರ್ಧ ಆಂಪಿಯರ್ ಎಳದ್ರ ದಾರಿಯಾಗ 1 ವೋಲ್ಟ್ ಮುಗೀತು. ಅಡಾಪ್ಟರ್ 5 ಕೊಟ್ರೂ ಕ್ಯಾಮೆರಾಕ್ಕ ಮುಟ್ಟೋದು 4. ದ್ರಾಕ್ಷಿ ತ್ವಾಟದಾಗ ಡ್ರಿಪ್ ಪೈಪಿನ ಕಡೀ ಗಿಡಕ್ಕ ನೀರು ಸಣ್ಣಾಗೋ ಹಂಗ ಇದು. ಅಡಾಪ್ಟರ್ ದೊಡ್ಡದು ತಂದ್ರೂ ಉಪಯೋಗಿಲ್ಲ, ತಂತಿ ದಪ್ಪ ಆಗ್ಬೇಕು ಇಲ್ಲಾ ದೂರ ಕಡಿಮಿ ಆಗ್ಬೇಕು. ಅಡಾಪ್ಟರ್ ಅನ್ನ ಕ್ಯಾಮೆರಾದ ಹತ್ರ ಒಯ್ದು, 230 ವೋಲ್ಟಿನ ಪಾಯಿಂಟ್ ಅಲ್ಲೇ ಕೊಡ್ರಿ, ಮಳಿ ಬಡೀದಂಗ ಡಬ್ಬಿ ಒಳಗ ಇಡ್ರಿ.

12 ವೋಲ್ಟಿನ ಕ್ಯಾಮೆರಾದಾಗ ಇದೇ ಕತಿ ಬ್ಯಾರೇ ರೂಪದಾಗ ಬರ್ತೈತಿ. ಕ್ಯಾಟ್-5 ಅನ್ನೋ ನೆಟ್‌ವರ್ಕ್ ಕೇಬಲಿನ ಒಂದು ಜೋಡಿ ತಂತಿಯಾಗ 30 ಮೀಟರ್ ದೂರ 12 ವೋಲ್ಟ್ ಕಳಿಸಿದ್ರ, ಅರ್ಧ ಆಂಪಿಯರಿಗೆ ಎರಡೂವರೆ ವೋಲ್ಟ್ ಬೀಳ್ತೈತಿ. ಎರಡು ಜೋಡಿ ಕೂಡಿಸಿ ಕಟ್ಟಿದ್ರ ಅದು ಅರ್ಧ ಆಗ್ತೈತಿ. ಇದೂ ತಾಮ್ರದ ಲೆಕ್ಕ. ಅಗ್ಗದ ಕೇಬಲ್‌ನಾಗ ಅಲ್ಯುಮಿನಿಯಂ ಮ್ಯಾಲ ತಾಮ್ರ ಲೇಪ ಕೊಟ್ಟಿರ್ತಾರ, ಅದರಾಗ ನಷ್ಟ ಒಂದೂವರೆ ಪಟ್ಟು. ಬ್ಲೇಡಿನ್ಲಿಂದ ತಂತಿ ಕೆರದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಅದು ಅಲ್ಯುಮಿನಿಯಂ. ಕೊಳ್ಳೋ ಮುಂದ ಅಂಗಡಿಯಾಗ ನಿಂತ ಕೆರದು ನೋಡ್ರಿ, ಸಂಕೋಚ ಬ್ಯಾಡ.

ಒಂದು ಮಲ್ಟಿಮೀಟರ್ ತಗೊಂಡು ಕ್ಯಾಮೆರಾದ ಪಿನ್ ಹತ್ರ, ರಾತ್ರಿ, ಐಆರ್ ಹತ್ತಿದಾಗ, ಕ್ಯಾಮೆರಾ ಚಾಲೂ ಇದ್ದಾಗ ಅಳೀರಿ. ಪಿನ್ ಬಿಚ್ಚಿ ಖಾಲಿ ಅಡಾಪ್ಟರ್ ಅಳದ್ರ ಯಾವಾಗಲೂ 12 ತೋರಸ್ತೈತಿ, ಅದನ್ನ ನಂಬಬ್ಯಾಡ್ರಿ. 5 ವೋಲ್ಟಿನದಕ್ಕ 4.75 ಕೆಳಗ, 12 ವೋಲ್ಟಿನದಕ್ಕ 11 ಕೆಳಗ ಬಂದ್ರ ತಂತಿ ಇಲ್ಲಾ ಅಡಾಪ್ಟರ್ ಸರಿ ಮಾಡ್ರಿ.

ಕರೆಂಟ್ ಹೋಗಿ ಬಂದ ಮ್ಯಾಲ ಎದ್ದೇಳದ ಕ್ಯಾಮೆರಾ ಬ್ಯಾರೇ ಸಮಸ್ಯಾ. ಹೆಸ್ಕಾಂ ಲೈನ್ ಬಂದ ಕೂಡಲೇ ಕ್ಯಾಮೆರಾ ಒಂದು ನಿಮಿಷದಾಗ ತಯಾರಾಗ್ತೈತಿ, ಇಂಟರ್ನೆಟ್ ತರೋ ಫೈಬರ್ ಡಬ್ಬಿಗೆ ಎರಡು ಮೂರು ನಿಮಿಷ ಬೇಕು. ವೈಫೈ ಸಿಗ್ಲಿಲ್ಲ ಅಂತ ಅಗ್ಗದ ಕ್ಯಾಮೆರಾ ಕೆಲವು ಸಲ ಹುಡುಕೋದು ಬಿಟ್ಟು ಕೂಡ್ತಾವು. ರಾಊಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಹಚ್ಚ್ರಿ. ರಾಊಟರ್ ಅಡಾಪ್ಟರ್ ಮ್ಯಾಲ ಬರದ ಆಂಪಿಯರಿಗಿಂತ ಯುಪಿಎಸ್ ಆಂಪಿಯರ್ ಕಡಿಮಿ ಇರಬಾರ್ದು.

ಈಗ ವೈಫೈ. ನಮ್ಮ ಕಡೆ ಹಳೀ ಮನಿ ಗ್ವಾಡಿ ಕಲ್ಲಿಂದು, ಒಂದೂವರೆ ಎರಡು ಫೂಟ್ ದಪ್ಪ. ಪಡಸಾಲಿಯಾಗಿನ ರಾಊಟರ್ ಸಿಗ್ನಲ್ ಅಂಥ ಎರಡು ಗ್ವಾಡಿ ದಾಟಿ ಹೊರಗಿನ ಕಟ್ಟಿಗೆ ಬರೋ ಹೊತ್ತಿಗೆ ಸತ್ತಿರ್ತೈತಿ. ಪತ್ರಾಸ್ ಶೆಡ್ ಇದ್ರ ಇನ್ನೂ ಕಠಿಣ, ತಗಡು ಸಿಗ್ನಲ್ ಒಳಗ ಬಿಡಂಗಿಲ್ಲ. ವೈಫೈ ಅನಲೈಸರ್ ಆ್ಯಪ್ ಹಾಕ್ಕೊಂಡು, ನಿಚ್ಚಣಿಕಿ ಹತ್ತಿ, ಕ್ಯಾಮೆರಾ ಇದ್ದ ಜಾಗದಾಗ ಮೊಬೈಲ್ ಹಿಡದು ನೋಡ್ರಿ. ಮೈನಸ್ 60 ಡಿಬಿಎಂ (ಸಿಗ್ನಲ್ಲಿನ ಅಳತಿ, ಸೊನ್ನಿಗೆ ಹತ್ರ ಇದ್ದಷ್ಟು ಚಲೋ) ಆಜೂಬಾಜೂ ಇದ್ರ ಚಲೋ. ಮೈನಸ್ 70 ಅಂದ್ರ ಗಡಿ. ಮೈನಸ್ 75 ದಾಟಿದ್ರ ಆ ಜಾಗದಾಗ ಯಾವ ಕಂಪನಿ ಕ್ಯಾಮೆರಾ ಹಾಕಿದ್ರೂ ಕಡೀತೈತಿ.

ಬ್ರೌಸರ್‌ನಾಗ ರಾಊಟರ್ ಸೆಟ್ಟಿಂಗ್ ತಗೀರಿ. ವಿಳಾಸ ಡಬ್ಬಿ ಹಿಂದ ಬರದಿರ್ತೈತಿ, 192.168.1.1 ಇಲ್ಲಾ 192.168.0.1. ಮನಿ ಕ್ಯಾಮೆರಾದಾಗ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈ ಮ್ಯಾಲ ಅಷ್ಟ ನಡೀತಾವು. ರಾಊಟರ್ 2.4 ಮತ್ತು 5 ಎರಡಕ್ಕೂ ಒಂದ ಹೆಸರು ಇಟ್ಟು, ತಾನ ಆ ಕಡೆ ಈ ಕಡೆ ದೂಡ್ತಿದ್ರ ಕ್ಯಾಮೆರಾ ಗೊಂದಲಕ್ಕ ಬೀಳ್ತೈತಿ. ಸ್ಮಾರ್ಟ್ ಕನೆಕ್ಟ್ ಅನ್ನೋ ಈ ಸೆಟ್ಟಿಂಗ್ ಬಂದ್ ಮಾಡಿ ಎರಡಕ್ಕೂ ಬ್ಯಾರೇ ಬ್ಯಾರೇ ಹೆಸರು ಕೊಡ್ರಿ. ಚಾನೆಲ್ ಆಟೋ ಇಡಬ್ಯಾಡ್ರಿ. ರಾಊಟರ್ ಚಾನೆಲ್ ಬದಲಿ ಮಾಡಿದಾಗೆಲ್ಲಾ ಕ್ಯಾಮೆರಾ ಕಡದು ಮತ್ತ ಕೂಡ್ಬೇಕು. 2.4ರಾಗ 1, 6, 11 ಈ ಮೂರು ಚಾನೆಲ್ ಒಂದರ ಮ್ಯಾಲ ಒಂದು ಬರಂಗಿಲ್ಲ. ಬಾಜೂ ಮನಿಯವ್ರ ಗದ್ದಲ ಕಡಿಮಿ ಇದ್ದದ್ದು ಇವುಗಳಾಗ ಒಂದು ಆರಿಸಿ ಖಾಯಂ ಮಾಡ್ರಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್. ಸೆಕ್ಯೂರಿಟಿ ಡಬ್ಲ್ಯೂಪಿಎ2 ಎಇಎಸ್ ಇಡ್ರಿ, ಡಬ್ಲ್ಯೂಪಿಎ3 ಹಳೀ ಕ್ಯಾಮೆರಾಕ್ಕ ತಿಳಿಯಂಗಿಲ್ಲ.

ಗಡಿಯಾರ ನೋಡಿದಂಗ ದಿನಾ ಒಂದ ಹೊತ್ತಿಗೆ ಕಡೀತಿದ್ರ ಅದು ಸಿಗ್ನಲ್ ಅಲ್ಲ, ಐಪಿ ಜಗಳ ಇರಬಹುದು. ಕ್ಯಾಮೆರಾಕ್ಕ ಕೈಯಿಂದ ಕೊಟ್ಟ ಐಪಿ ನಂಬರ್ ಅನ್ನ ರಾಊಟರ್ ಇನ್ಯಾರದೋ ಮೊಬೈಲಿಗೆ ಹಂಚಿರ್ತೈತಿ. ಕ್ಯಾಮೆರಾ ಒಳಗ ಐಪಿ ಆಟೋ ಇಟ್ಟು, ರಾಊಟರಿನ ಅಡ್ರೆಸ್ ರಿಸರ್ವೇಶನ್‌ನಾಗ ಕ್ಯಾಮೆರಾದ ಮ್ಯಾಕ್ ನಂಬರಿಗೆ (ಕಂಪನಿ ಕೊಟ್ಟ ಗುರುತಿನ ನಂಬರ್) ಒಂದು ಖಾಯಂ ಐಪಿ ನಂಬರ್ ಕೊಟ್ಟುಬಿಡ್ರಿ.

ರಿಪೀಟರ್ ಬಗ್ಗೆ ನನಗ ಸಿಟ್ಟು ಯಾಕ ಅಂದ್ರ, ಸಾದಾ ರಿಪೀಟರ್ ಕೇಳಿಸ್ಕೊಳ್ಳೋದೂ ಹೇಳೋದೂ ಒಂದ ರೇಡಿಯೋದಾಗ. ಅದಕ್ಕ ಸ್ಪೀಡ್ ಅರ್ಧಕ್ಕ ಇಳೀತೈತಿ. ಮೊಬೈಲಿಗೆ ನಡದೀತು. 24 ತಾಸು ವಿಡಿಯೋ ಕಳಿಸೋ ನಾಕು ಕ್ಯಾಮೆರಾಕ್ಕ ನಡೆಯಂಗಿಲ್ಲ. ಪೋರ್ಟ್ ಫಾರ್ವರ್ಡ್ (ಹೊರಗಿಂದ ನೇರ ಕ್ಯಾಮೆರಾಕ್ಕ ಬರೋ ದಾರಿ ರಾಊಟರ್‌ನಾಗ ತಗಿಯೋದು) ಮಾಡ್ರಿ ಅಂತ ಸಲಹಾ ಕೊಡವ್ರ ಮಾತಂತೂ ಕೇಳಲೇಬ್ಯಾಡ್ರಿ. ಕಡಿಯೋದು ಅದರಿಂದ ನಿಲ್ಲಂಗಿಲ್ಲ, ಮ್ಯಾಲ ಮನಿ ಬಾಗಿಲು ಇಂಟರ್ನೆಟ್ಟಿಗೆ ತಗದಂಗ ಆಗ್ತೈತಿ. 2016ರಾಗ ಮಿರಾಯ್ ಅನ್ನೋ ವೈರಸ್ ಫ್ಯಾಕ್ಟರಿ ಪಾಸ್‌ವರ್ಡ್ ಬದಲಿ ಮಾಡದ ಕ್ಯಾಮೆರಾ, ಅದರ ರೆಕಾರ್ಡಿಂಗ್ ಡಬ್ಬಿ ಆದ ಡಿವಿಆರ್‌ಗಳ ಒಳಗ ಹೊಕ್ಕು ಲಕ್ಷಗಟ್ಟಲೆ ಸಾಮಾನು ತನ್ನ ಕೈಗೆ ತಗೊಂಡಿತ್ತು. ಪಾಸ್‌ವರ್ಡ್ ಇವತ್ತ ಬದಲಿ ಮಾಡ್ರಿ.

ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿಗೆ 4ಜಿ ಸಿಮ್ ಕ್ಯಾಮೆರಾ ಹಾಕೋರಿಗೆ ಒಂದು ಲೆಕ್ಕ. ವಿಡಿಯೋ ಸೆಕೆಂಡಿಗೆ 1.5 ಮೆಗಾಬಿಟ್ ಹೋದ್ರ ಒಂದು ತಾಸಿಗೆ 675 ಎಂಬಿ. ದಿನಕ್ಕ 2 ಜಿಬಿ ಪ್ಲಾನ್ ಮೂರು ತಾಸಿಗೆ ಖಾಲಿ, ಆಮ್ಯಾಲ ಸ್ಪೀಡ್ ಬಿದ್ದು ಕ್ಯಾಮೆರಾ "ಆಫ್‌ಲೈನ್". ರೆಕಾರ್ಡಿಂಗ್ ಕಾರ್ಡಿಗೆ ಬಿಡ್ರಿ, ಮೊಬೈಲಿನ್ಯಾಗ ಕಡಿಮಿ ಡೇಟಾದ ಸಬ್‌ಸ್ಟ್ರೀಮ್ ನೋಡ್ರಿ. ಮತ್ತ ಬ್ಯಾಸಗಿ 40 ಡಿಗ್ರಿ ದಾಟೋ ನಮ್ಮ ಊರಾಗ, ತಗಡಿಗೆ ತಾಗಿಸಿ ಪಡುವಣ ಮುಖಕ್ಕ ಕ್ಯಾಮೆರಾ ಕೂಡಿಸಬ್ಯಾಡ್ರಿ. ಡಬ್ಬಿ ಮ್ಯಾಲ ಬರದ ಗರಿಷ್ಠ ಉಷ್ಣತಾ ಸುತ್ತಲಿನ ಗಾಳೀದು, ಬಿಸಿಲಾಗ ಕಾದ ತಗಡಿಂದಲ್ಲ.

ಇನ್ನ ವೈರ್. ಸ್ವಂತ ಮನಿ, ಎರಡಕ್ಕಿಂತ ಹೆಚ್ಚು ಕ್ಯಾಮೆರಾ ಅಂದ್ರ ಪಿಒಇ ಹಾಕ್ರಿ. ಪಿಒಇ ಅಂದ್ರ ಒಂದ ಕೇಬಲ್‌ನಾಗ ನೆಟ್‌ವರ್ಕೂ ಕರೆಂಟೂ. 802.3ಎಎಫ್ (ಪಿಒಇ ಮಾನದಂಡದ ಹೆಸರು) ಅಂತ ಬರದ ನೆಟ್‌ವರ್ಕ್ ಸ್ವಿಚ್ (ಎಲ್ಲಾ ಕ್ಯಾಮೆರಾ ಕೇಬಲ್ ಬಂದು ಕೂಡೋ ಡಬ್ಬಿ) ತಗೋರಿ. ಅದು ಪ್ರತಿ ಪೋರ್ಟಿಗೆ 15.4 ವಾಟ್ ತನಕ ಕೊಡ್ತೈತಿ, ಸುಮಾರು 48 ವೋಲ್ಟಿನ ಮ್ಯಾಲ ಕಳಸ್ತೈತಿ. ವೋಲ್ಟ್ ಹೆಚ್ಚಾದ್ರ ಅದೇ ವಾಟಿಗೆ ಆಂಪಿಯರ್ ಕಡಿಮಿ, ಅದಕ್ಕ ತಂತಿಯಾಗಿನ ನಷ್ಟ ಲೆಕ್ಕಕ್ಕ ಬರಂಗಿಲ್ಲ. ಪೂರಾ ತಾಮ್ರದ ಕ್ಯಾಟ್-6 ಕೇಬಲ್ 100 ಮೀಟರ್ ತನಕ ಎಳೀಬಹುದು, ಎರಡು ಫೂಟಿನ ಕಲ್ಲಿನ ಗ್ವಾಡಿಗೆ ಒಂದು ತೂತು ಸಾಕು. ತೂತು ಹೊರಗಿನ ಕಡೀಗೆ ಸ್ವಲ್ಪ ಇಳಿಜಾರು ಇರ್ಲಿ, ಮಳಿ ನೀರು ಒಳಗ ಬರಂಗಿಲ್ಲ. ಸ್ವಿಚ್ಚು, ರೆಕಾರ್ಡಿಂಗ್ ಡಬ್ಬಿ ಆದ ಎನ್‌ವಿಆರ್, ರಾಊಟರ್ ಮೂರೂ ಒಂದ ಕಡೆ ಇಟ್ಟು ಒಂದ ಯುಪಿಎಸ್‌ಗೆ ಕೂಡಿಸ್ರಿ. ಹೊಸ ಮನಿ ಕಟ್ಟಸ್ತಿದ್ರ ಪ್ಲಾಸ್ಟರ್ ಆಗೋಕಿಂತ ಮೊದಲು ನಾಕೂ ಮೂಲಿಗೆ, ಗೇಟಿಗೆ, ಮಾಳಿಗಿಗೆ 25 ಎಂಎಂ ಖಾಲಿ ಪೈಪ್ ಹಾಕಸ್ರಿ, ಒಳಗ ಎಳಿಯೋ ತಂತಿ ಬಿಡಸ್ರಿ, ಮತ್ತ ಕರೆಂಟಿನ ವೈರ್ ಆ ಪೈಪಿನ್ಯಾಗ ಹಾಕದಂಗ ಮೇಸ್ತ್ರಿಗೂ ವೈರಿಂಗ್‌ನವ್ರಿಗೂ ಮೊದಲ ಹೇಳಿ ಇಡ್ರಿ.