ಕೆಳದವಡೆ ಜಾರುವ ಬಗೆ

ಕೇಳುಗರಿಗೆ ನಮಸ್ಕಾರ. ತೋರುಬೆರಳುಗಳನ್ನು ಎರಡೂ ಕಿವಿಗಳ ಮುಂದೆ ಇಟ್ಟುಕೊಂಡು ಬಾಯನ್ನು ನಿಧಾನವಾಗಿ ತೆರೆಯಿರಿ. ಬೆರಳಿನಡಿಯ ಗುಂಡನೆಯ ಮೂಳೆಯೊಂದು ಮೊದಲು ನಿಂತಲ್ಲೇ ತಿರುಗಿ, ಆಮೇಲೆ ಮುಂದಕ್ಕೆ ಸರಿದು, ಆ ಜಾಗದಲ್ಲಿ ಸಣ್ಣ ಗುಳಿ ಬೀಳುವುದು ತಿಳಿಯುತ್ತದೆ. ಅದು ಕೆಳದವಡೆಯ ತಲೆ. ಕೆಳದವಡೆ ಬಾಗಿಲಿನಂತೆ ತಿರುಗುವುದಷ್ಟೇ ಅಲ್ಲ, ಜಾರುತ್ತದೆ. ನಾನು ಇಂದು ಹೇಳಬಂದಿರುವುದು ಇದೊಂದನ್ನೇ.

ಹುಟ್ಟುವಾಗ ಎರಡು ತುಂಡಾಗಿದ್ದು, ಮೊದಲ ವರ್ಷದಲ್ಲಿ ಗದ್ದದ ಬಳಿ ಬೆಸೆದುಕೊಳ್ಳುವ ಈ ಲಾಳಾಕಾರದ ಮೂಳೆಯ ಎರಡೂ ತುದಿಗಳು ಹಿಂದೆ ಮೇಲಕ್ಕೆದ್ದು ಕವಲೊಡೆದಿವೆ. ಮುಂದಿನ ಚೂಪು ಕವಲಿಗೆ ಕಣತಲೆಯಿಂದ ಬೀಸಣಿಗೆಯಂತೆ ಇಳಿಯುವ ಟೆಂಪೊರಾಲಿಸ್ ಸ್ನಾಯು ಅಂಟಿಕೊಂಡಿದೆ. ಹಿಂದಿನ ಕವಲಿನ ತುದಿಯನ್ನೇ ನೀವು ಈಗ ಮುಟ್ಟಿದ್ದು. ದವಡೆಯ ಮೂಲೆಯನ್ನು ಹೊರಗಿನಿಂದ ಮ್ಯಾಸೆಟರ್, ಒಳಗಿನಿಂದ ಒಳ ಟೆರಿಗಾಯ್ಡ್, ತೊಟ್ಟಿಲನ್ನು ಹಗ್ಗಗಳು ಹಿಡಿದಂತೆ ಹಿಡಿದಿವೆ. ಈ ಮೂರೂ ಬಾಯಿ ಮುಚ್ಚಿಸುವ ಸ್ನಾಯುಗಳು. ದವಡೆಯ ತಲೆಯನ್ನು ಮುಂದಕ್ಕೆಳೆದು ಜಾರಿಸುವುದು ಅದರ ಕುತ್ತಿಗೆಗೆ ಅಂಟಿದ ಹೊರ ಟೆರಿಗಾಯ್ಡ್.

ವರ್ಷಗಳ ಹಿಂದೆ, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಿನ ಜಾವ ಜೋರಾಗಿ ಆಕಳಿಸಿದ ಹಿರಿಯರೊಬ್ಬರನ್ನು ಮಗ ನನ್ನಲ್ಲಿಗೆ ಕರೆತಂದರು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು, ಜೊಲ್ಲು ಸುರಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಗದ್ದದಿಂದ ನೆತ್ತಿಗೆ ಬೈರಾಸು ಬಿಗಿದು, ದಾರಿಯುದ್ದಕ್ಕೂ ಮಗ ಗದ್ದವನ್ನು ಮೇಲಕ್ಕೆ ಒತ್ತುತ್ತ ಬಂದಿದ್ದರಂತೆ. ದಯವಿಟ್ಟು ಹಾಗೆ ಒತ್ತಬೇಡಿ. ಎಷ್ಟು ಸಲ ಹೇಳಿದರೂ ಜನ ಒತ್ತುತ್ತಾರೆ. ದವಡೆಯ ತಲೆ ಜಾರುತ್ತ ಹೋಗಿ, ಕೀಲಿನ ಮುಂದಿರುವ ಮೂಳೆಯ ದಿಬ್ಬವನ್ನು ದಾಟಿ ಆಚೆ ಸಿಕ್ಕಿಕೊಂಡಿತ್ತು; ಮುಚ್ಚಿಸುವ ಸ್ನಾಯುಗಳು ಸೆಟೆದು ಅದನ್ನು ಅಲ್ಲೇ ಮೇಲಕ್ಕೆಳೆದು ಹಿಡಿದಿದ್ದವು. ಜಾರಿದ್ದನ್ನು ಬಂದ ದಾರಿಯಲ್ಲೇ ಕಳಿಸಬೇಕು. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ, ದಿಬ್ಬದಿಂದ ಬಿಡಿಸಿಕೊಂಡ ಮೇಲೆ ಹಿಂದಕ್ಕೆ ಒತ್ತಿದೆ. ಟಕ್ಕೆಂದು ಕೂತಿತು. ಹಿರಿಯರು ಎರಡೂ ಕೈಯಲ್ಲಿ ಗದ್ದ ಹಿಡಿದುಕೊಂಡು, ಮೊದಲು ಕೇಳಿದ್ದು ನೀರು. ಇದನ್ನು ಮನೆಯಲ್ಲಿ ಮಾಡಹೋಗದೆ ವೈದ್ಯರಲ್ಲಿಗೆ ಕರೆತನ್ನಿ.

ಸಮಯ ಸರಿದಿರುವುದರಿಂದ ನರಗಳನ್ನೂ ಹಲ್ಲಿನ ಬೇರುಗಳನ್ನೂ ಬಿಟ್ಟು, ನಾಲಿಗೆಯ ಮಾತನ್ನಷ್ಟೇ ಹೇಳುತ್ತೇನೆ. ನಾಲಿಗೆಯ ದೊಡ್ಡ ಸ್ನಾಯು ಹೊರಡುವುದು ಗದ್ದದ ಒಳಬದಿಯ ಪುಟ್ಟ ಮುಳ್ಳುಗಳಿಂದ. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಕುಸಿದು ಉಸಿರಿನ ದಾರಿ ಕಟ್ಟಿದಾಗ, ವೈದ್ಯರು ದವಡೆಯ ಎರಡೂ ಮೂಲೆಗಳ ಹಿಂದೆ ಬೆರಳಿಟ್ಟು ಅದನ್ನು ಮುಂದಕ್ಕೆ ಜಾರಿಸುತ್ತಾರೆ. ದವಡೆಯ ಜೊತೆಗೆ ನಾಲಿಗೆಯೂ ಮುಂದೆ ಬಂದು, ದಾರಿ ತೆರೆದು, ಉಸಿರಾಡತೊಡಗುತ್ತದೆ.