ಮೊದಲು ಮೇಣ ತೆಗೆಯಿರಿ, ಆಮೇಲೆ ಉಜ್ಜಿ

ಕೇಳುಗರೆಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ದೋಣಿ ಹತ್ತಿದವರು ಅದರ ಮೈಮೇಲೆ ಉದ್ದಕ್ಕೆ ಹೋದ ಬಣ್ಣದ ಪಟ್ಟಿಯನ್ನು ನೋಡಿರುತ್ತೀರಿ. ಬಿಸಿಲಿಗೆ ಅದು ಮಾಸುತ್ತದೆ, ದಂಡೆಗೆ ತಾಗಿ ಕಿತ್ತು ಹೋಗುತ್ತದೆ. ಆ ಪಟ್ಟಿಯನ್ನು ಮತ್ತೆ ಬಳಿಯುವುದು ಹೇಗೆ ಅಂತ ಇವತ್ತು ಹೇಳುತ್ತೇನೆ. ಪೇಂಟ್ ಕೆಲಸ ಕಲಿಯುತ್ತಿರುವ ಹುಡುಗರು ಗಮನ ಕೊಟ್ಟು ಕೇಳಬೇಕು.

ಫೈಬರ್ ದೋಣಿ ಹುಟ್ಟುವುದು ಅಚ್ಚಿನಲ್ಲಿ. ಅಚ್ಚಿಗೆ ಅಂಟಬಾರದು ಅಂತ ಮೊದಲೇ ಮೇಣ ಸವರಿರುತ್ತಾರೆ. ದೋಣಿ ಹೊರಗೆ ಬರುವಾಗ ಅದರ ಮೈಗೆ ಆ ಮೇಣ ಹತ್ತಿಕೊಂಡೇ ಬರುತ್ತದೆ. ಮುಂದೆ ಹೊಳಪಿಗೆ ಅಂತ ನಾವೂ ವ್ಯಾಕ್ಸ್ ಪಾಲಿಶ್ ಹಚ್ಚುತ್ತೇವೆ. ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಮೊದಲು ಮೇಣ ತೆಗೆಯಿರಿ, ಆಮೇಲೆ ಸ್ಯಾಂಡ್ ಪೇಪರಿನಿಂದ ಉಜ್ಜಿ.

ಹೋದ ಬೇಸಿಗೆಯಲ್ಲಿ ದೋಣಿ ನಡೆಸುವವರೊಬ್ಬರು ಗೋಕುಲ ರಸ್ತೆಯ ನಮ್ಮ ಶೆಡ್ಡಿಗೆ ಬಂದರು. "ಸರ, ಪೇಂಟ್ ಡುಪ್ಲಿಕೇಟ್ ಕೊಟ್ಟಾರ್ರೀ, ಅಂಗಡಿಯವನ ಜೋಡಿ ಜಗಳಾ ಮಾಡಿ ಬಂದೇನಿ" ಅಂದರು. ಹೊರಗೆ ಗಾಡಿಯಲ್ಲಿ ದೋಣಿ ಇತ್ತು. ನೀಲಿ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದೆ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಮೊಳದುದ್ದ ಸುಲಿದು ಬಂತು. "ಪೇಪರ್ ಹೊಡೆದಿದ್ರೇನ್ರಿ?" ಅಂತ ಕೇಳಿದೆ. "ಎರಡು ದಿನ ಹೊಡದೇವ್ರಿ" ಅಂದರು. ಅದಕ್ಕೂ ಮೊದಲು ಏನು ಮಾಡಿದಿರಿ ಅಂದರೆ, ಸೀಮೆಎಣ್ಣೆಯಿಂದ ಒರೆಸಿದ್ದರಂತೆ! ಸೀಮೆಎಣ್ಣೆ ತಾನೇ ಜಿಡ್ಡು ಬಿಡುತ್ತದೆ. ಆ ಜಿಡ್ಡು, ಆ ಮೇಣ ಎರಡನ್ನೂ ಪೇಪರಿನಿಂದ ತಿಕ್ಕಿ ಗೀರುಗಳ ಒಳಗೆ ತುಂಬಿಸಿದ್ದರು. ಸುಲಿದ ಜಾಗದ ಮೇಲೆ ಒಂದು ಚೊಂಬು ನೀರು ಸುರಿದು ತೋರಿಸಿದೆ. ನೀರು ಹನಿ ಹನಿಯಾಗಿ ಜಾರಿತು. ಮೈ ಸ್ವಚ್ಛವಿದ್ದರೆ ನೀರು ಹಾಳೆಯಂತೆ ಹರಡಿ ನಿಲ್ಲಬೇಕು. ಅವರು ಬಹಳ ಹೊತ್ತು ನೋಡುತ್ತಾ ನಿಂತರು. ಪೇಂಟಿನಲ್ಲಿ ಏನೂ ದೋಷ ಇರಲಿಲ್ಲ, ಅಲ್ವಾ?

ಹಾಗಾದರೆ ಏನು ಮಾಡಬೇಕು? ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಎರಡು ಬಿಳಿ ಬಟ್ಟೆ ಇಟ್ಟುಕೊಳ್ಳಿ. ಒಂದಕ್ಕೆ ಅಸಿಟೋನ್ ಅನ್ನುವ ದ್ರಾವಕ ಹಾಕಿ ಒರೆಸಿ, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಿಬಿಡಿ. ಆರಲು ಬಿಟ್ಟರೆ ಮೇಣ ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ. ಹತ್ತಿರ ಬೀಡಿ, ಬೆಂಕಿ ಬೇಡವೇ ಬೇಡ. ಈಗ ನೀರು ಸುರಿದು ನೋಡಿ. ಹನಿ ಕಟ್ಟಿದರೆ ಮತ್ತೆ ಒರೆಸಿ. ನೀರು ಹರಡಿದ ಮೇಲೆಯೇ ಪೇಪರ್ ಕೈಗೆತ್ತಿಕೊಳ್ಳಿ. ಮೊದಲು 220 ನಂಬರು, ಆಮೇಲೆ 320. ಮುಖಕ್ಕೆ ಮಾಸ್ಕ್ ಇರಲಿ, ಫೈಬರ್ ಧೂಳು ಒಳ್ಳೆಯದಲ್ಲ.

ಸಮಯ ಮುಗಿಯುತ್ತಾ ಬಂತು ಅಂತ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮಾಸ್ಕಿಂಗ್ ಟೇಪಿನ ಅಂಚನ್ನು ಉಗುರಿನಿಂದ ಒತ್ತಿ. ಪಾಲಿಯುರೆಥೇನ್ ಪೇಂಟಾದರೆ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಹಾಕಿ. ನೆರಳಲ್ಲಿ, ತೆಳ್ಳಗೆ ಎರಡು ಕೋಟ್ ಹಚ್ಚಿ. ಕೊನೆಯ ಕೋಟ್ ಇನ್ನೂ ಸ್ವಲ್ಪ ಅಂಟಂಟು ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಆಮೇಲೆ ಒಂದು ವಾರ ದೋಣಿಯನ್ನು ನೀರಿಗೆ ಇಳಿಸಬೇಡಿ. ನಮಸ್ಕಾರ.